ಸಣ್ಣ ದೋಣಿಗಳನ್ನು ಸುಲಭವಾಗಿ ಹಾಗೂ ಸುರಕ್ಷಿತವಾಗಿ ಹತ್ತಿ ಇಳಿಯುವ ವ್ಯವಸ್ಥೆ: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ರಾಜ್ಯದ ಕರಾವಳಿಯ ನದೀಮುಖಗಳಲ್ಲಿ, ನದಿಗಳ ನಡುವಿನ ಕುದ್ರುಗಳಲ್ಲಿ, ಜಲಾಶಯಗಳ ಹಿನ್ನೀರಿನ ಹಳ್ಳಿಗಳಲ್ಲಿ ಹಾಗೂ ಒಳನಾಡಿನ ನದಿ ದಡಗಳಲ್ಲಿ ವಾಸಿಸುವ ಅನೇಕ ಕುಟುಂಬಗಳಿಗೆ ಸಣ್ಣ ದೋಣಿಯು ಇಂದಿಗೂ ದೈನಂದಿನ ಸಂಚಾರ ಸಾಧನವಾಗಿರುತ್ತದೆ. ಪಡಿತರ ತರಲು, ಮಕ್ಕಳು ಶಾಲೆಗೆ ಹೋಗಲು, ಗರ್ಭಿಣಿಯರು ತಪಾಸಣೆಗೆ ತೆರಳಲು ಮತ್ತು ಹಿರಿಯ ನಾಗರಿಕರು ಪಿಂಚಣಿ ಪಡೆಯಲು ದೋಣಿಯನ್ನೇ ಅವಲಂಬಿಸಬೇಕಾದ ಸ್ಥಳಗಳಿವೆ.

ಇಂತಹ ಸ್ಥಳಗಳಿಂದ ಬರುವ ಮನವಿಗಳಲ್ಲಿ ಸಾಮಾನ್ಯವಾಗಿ ಹೊಸ ದೋಣಿ, ಹೊಸ ಇಂಜಿನ್ ಅಥವಾ ಸೇತುವೆಯ ಬೇಡಿಕೆ ಇರುತ್ತದೆ. ದಡಕ್ಕೂ ದೋಣಿಗೂ ನಡುವಿನ ಒಂದೆರಡು ಹೆಜ್ಜೆಗಳ ವಿಷಯವು ಮನವಿಯಲ್ಲಿ ಸೇರುವುದು ವಿರಳ. ಆದರೆ ಆ ಹೆಜ್ಜೆಗಳನ್ನು ಇಡಲಾಗದವರ ಪಾಲಿಗೆ ಕಡವು ಇದ್ದೂ ಇಲ್ಲದಂತೆ. ಮೊಣಕಾಲು ನೋವಿರುವ ವೃದ್ಧರು ದೋಣಿ ಹತ್ತಲಾರದೆ ಔಷಧಿಗೆ ಹೋಗುವುದನ್ನೇ ನಿಲ್ಲಿಸಿದಲ್ಲಿ, ದೋಣಿಯು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಅವರಿಗೆ ಪ್ರಯೋಜನವಿಲ್ಲ. ಈ ತೊಂದರೆಯ ಬಹುಭಾಗವನ್ನು ಕಡಿಮೆ ವೆಚ್ಚದಲ್ಲಿ ನಿವಾರಿಸಲು ಸಾಧ್ಯವಿರುವುದರಿಂದ, ಕಡವು ಬಳಸುವ ಸಾರ್ವಜನಿಕರು, ದೋಣಿ ಮಾಲೀಕರು ಮತ್ತು ಸ್ಥಳೀಯ ಸಂಸ್ಥೆಗಳ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2. ವ್ಯಾಪ್ತಿ ಮತ್ತು ಪದಗಳ ಅರ್ಥ

ಈ ಮಾಹಿತಿಯು ಹುಟ್ಟು ಅಥವಾ ಜಲ್ಲೆಯಿಂದ ನಡೆಸುವ ದೋಣಿಗಳು, ಸಣ್ಣ ಇಂಜಿನ್ ಅಳವಡಿಸಿದ ಮರದ ಹಾಗೂ ಫೈಬರ್ ದೋಣಿಗಳು ಮತ್ತು ಹರಿಗೋಲುಗಳಿಗೆ ಅನ್ವಯಿಸುತ್ತದೆ. ವಾಹನಗಳನ್ನು ಸಾಗಿಸುವ ಬಾರ್ಜ್ ಮತ್ತು ಲಾಂಚ್‌ಗಳನ್ನು ಹೋಲಿಕೆಗಾಗಿ ಮಾತ್ರ ಉಲ್ಲೇಖಿಸಲಾಗಿದೆ. ಇಲ್ಲಿ ಬಳಸಿರುವ ಪದಗಳ ಅರ್ಥ ಈ ಕೆಳಕಂಡಂತಿದೆ.

ಕಡವು: ಜನರು ದೋಣಿ ಹತ್ತಿ ಇಳಿಯುವ ನಿಗದಿತ ಸ್ಥಳ.
ದಕ್ಕೆ ಅಥವಾ ಜೆಟ್ಟಿ: ದೋಣಿ ನಿಲ್ಲಲು ದಡದಿಂದ ನೀರಿನ ಕಡೆಗೆ ಕಟ್ಟಿದ ಕಟ್ಟೆ ಅಥವಾ ವೇದಿಕೆ.
ಅಂಚು: ದೋಣಿಯ ಪಕ್ಕದ ಗೋಡೆಯ ಮೇಲ್ತುದಿ.
ಮಧ್ಯರೇಖೆ: ದೋಣಿಯ ಮುಂತುದಿಯಿಂದ ಹಿಂತುದಿಯವರೆಗೆ ನಡುವೆ ಹಾದುಹೋಗುವ ರೇಖೆ.

3. ದೋಣಿ ಹತ್ತಲು ತೊಂದರೆಯಾಗುವ ಕಾರಣಗಳು

3.1 ಎತ್ತರದ ವ್ಯತ್ಯಾಸ: ದಕ್ಕೆಯ ಎತ್ತರ ಸ್ಥಿರ. ನೀರಿನ ಮಟ್ಟ ಸ್ಥಿರವಲ್ಲ. ಕರ್ನಾಟಕದ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರವೂ ಎರಡು ಬಾರಿ ಇಳಿತವೂ ಉಂಟಾಗುತ್ತವೆ ಮತ್ತು ಅವುಗಳ ವೇಳೆ ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ ಹಾಗೂ ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತವು ಹೆಚ್ಚಾಗಿಯೂ, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆಯಾಗಿಯೂ ಇರುತ್ತದೆ. ಆದ್ದರಿಂದ ಬೆಳಿಗ್ಗೆ ಸಲೀಸಾಗಿ ಹತ್ತಿದ ದೋಣಿಯಿಂದ ಸಂಜೆ ಇಳಿಯಲು ಕಷ್ಟವಾಗುವುದು ಸಹಜ. ಜಲಾಶಯಗಳ ಹಿನ್ನೀರಿನಲ್ಲಿ ಈ ಬದಲಾವಣೆಯು ದಿನದ ಬದಲು ಋತುವನ್ನು ಅನುಸರಿಸುತ್ತದೆ. ಬೇಸಿಗೆಯ ಕೊನೆಯಲ್ಲಿ ನೀರು ಹಿಂದೆ ಸರಿದು, ಹತ್ತುವ ಸ್ಥಳವೇ ಕೆಸರಿನ ಆಚೆಗೆ ಹೋಗುತ್ತದೆ.

3.2 ದೋಣಿಯ ಸರಿಯುವಿಕೆ: ಪ್ರಯಾಣಿಕರು ದಡದಿಂದ ದೋಣಿಗೆ ಕಾಲಿಟ್ಟು ಒತ್ತಿದಾಗ ದೋಣಿಯು ದಡದಿಂದ ದೂರ ಸರಿಯುತ್ತದೆ. ಒಂದೇ ಹಗ್ಗದಿಂದ ಕಟ್ಟಿದ ದೋಣಿಯ ಇನ್ನೊಂದು ತುದಿಯು ಹೊರಕ್ಕೆ ತಿರುಗುತ್ತದೆ. ಒಂದು ಕಾಲು ದಡದಲ್ಲಿ, ಇನ್ನೊಂದು ಕಾಲು ದೋಣಿಯಲ್ಲಿ ಇರುವ ಕ್ಷಣದಲ್ಲಿಯೇ ಇದು ಸಂಭವಿಸುವುದರಿಂದ ಪ್ರಯಾಣಿಕರು ಎರಡರ ನಡುವೆ ಬೀಳುವ ಅಪಾಯವಿರುತ್ತದೆ.

3.3 ದೋಣಿಯ ವಾಲುವಿಕೆ: ಅಂಚಿನ ಬಳಿ ಭಾರ ಬಿದ್ದಾಗ ದೋಣಿ ಆ ಕಡೆಗೆ ವಾಲುತ್ತದೆ. ಉದಾಹರಣೆಗೆ, 60 ಕಿ.ಗ್ರಾಂ. ತೂಕದ ವ್ಯಕ್ತಿಯು ಮಧ್ಯರೇಖೆಯಿಂದ 50 ಸೆಂ.ಮೀ. ದೂರದಲ್ಲಿ ಕಾಲಿಟ್ಟಾಗ ದೋಣಿಯನ್ನು ವಾಲಿಸುವ ಬಲವು, ಅದೇ ವ್ಯಕ್ತಿ 10 ಸೆಂ.ಮೀ. ದೂರದಲ್ಲಿ ಕಾಲಿಟ್ಟಾಗ ಇರುವುದಕ್ಕಿಂತ ಐದು ಪಟ್ಟು ಹೆಚ್ಚಾಗಿರುತ್ತದೆ. ನಿಂತಿರುವ ವ್ಯಕ್ತಿಯ ಭಾರವು ಮೇಲ್ಮಟ್ಟದಲ್ಲಿರುವುದರಿಂದ ದೋಣಿಯ ಸಮತೋಲನ ಇನ್ನಷ್ಟು ಕುಗ್ಗುತ್ತದೆ.

3.4 ಜಾರುವಿಕೆ: ನೀರಿನಲ್ಲಿ ಮುಳುಗಿ ಏಳುವ ಮೆಟ್ಟಿಲುಗಳ ಮೇಲೆ ಪಾಚಿ ಬೆಳೆಯುತ್ತದೆ. ಇಳಿತದ ವೇಳೆ ಬಳಸಬೇಕಾಗಿ ಬರುವುದು ಇದೇ ಮೆಟ್ಟಿಲುಗಳನ್ನು.

ಮೇಲಿನ ನಾಲ್ಕು ಕಾರಣಗಳಲ್ಲಿ ಯಾವುದೂ ಪ್ರಯಾಣಿಕರ ತಪ್ಪಿನಿಂದ ಉಂಟಾಗುವುದಲ್ಲ. ಆದ್ದರಿಂದ ಪ್ರಯಾಣಿಕರಿಗೆ ಎಚ್ಚರಿಕೆ ನೀಡುವುದರ ಜೊತೆಗೆ ಕಡವು ಮತ್ತು ದೋಣಿಯನ್ನು ಸರಿಪಡಿಸುವುದು ಅವಶ್ಯಕವಾಗಿರುತ್ತದೆ.

4. ಕಡವಿನಲ್ಲಿ ಮಾಡಬಹುದಾದ ಸುಧಾರಣೆಗಳು

4.1 ಮೆಟ್ಟಿಲುಗಳು: ಪ್ರತಿ ಮೆಟ್ಟಿಲಿನ ಎತ್ತರ 150 ಮಿ.ಮೀ. ಮೀರದಂತೆ ಮತ್ತು ಕಾಲಿಡುವ ಅಗಲ 300 ಮಿ.ಮೀ.ಗೆ ಕಡಿಮೆಯಾಗದಂತೆ ಇರುವುದು ಸೂಕ್ತ. ನೀರಿನ ಏರಿಳಿತ 1.5 ಮೀಟರ್ ಇರುವ ಕಡವಿನಲ್ಲಿ ಅಷ್ಟು ಎತ್ತರಕ್ಕೆ 10 ಮೆಟ್ಟಿಲುಗಳು ಬೇಕಾಗುತ್ತವೆ. ಮೆಟ್ಟಿಲುಗಳು ದಡದಿಂದ ನೇರವಾಗಿ ನೀರಿಗೆ ಇಳಿದಿದ್ದಲ್ಲಿ, ದೋಣಿಯ ತಳವು ಮುಳುಗಿರುವ ಮೆಟ್ಟಿಲಿಗೆ ತಾಗಿ ದೋಣಿ ಹತ್ತಿರ ಬರಲಾರದು. ಮೆಟ್ಟಿಲುಗಳನ್ನು ದಕ್ಕೆಯ ಗೋಡೆಗೆ ಒತ್ತಾಗಿ, ಗೋಡೆಯ ಉದ್ದಕ್ಕೆ ಇಳಿಯುವಂತೆ ಕಟ್ಟಿದಲ್ಲಿ, ನೀರು ಯಾವ ಮಟ್ಟದಲ್ಲಿದ್ದರೂ ದೋಣಿಯು ಪಕ್ಕಕ್ಕೆ ಬಂದು ನಿಲ್ಲಬಹುದು ಮತ್ತು ಪ್ರಯಾಣಿಕರು ದೋಣಿಯ ಅಂಚಿಗೆ ಸಮೀಪದ ಎತ್ತರದಲ್ಲಿರುವ ಮೆಟ್ಟಿಲಿನಿಂದ ಹತ್ತಬಹುದು. ಹೊಸ ದಕ್ಕೆಯ ನಕ್ಷೆ ತಯಾರಾಗುವ ಹಂತದಲ್ಲಿಯೇ ಇದನ್ನು ಗಮನಿಸುವುದು ಒಳಿತು. ಕಟ್ಟಿದ ನಂತರ ಬದಲಾಯಿಸುವುದು ಕಷ್ಟಸಾಧ್ಯ.

4.2 ಇಳಿಜಾರು ದಾರಿ: ಗಾಲಿಕುರ್ಚಿ ಬಳಸುವವರಿಗೆ ಮೆಟ್ಟಿಲುಗಳು ಉಪಯುಕ್ತವಲ್ಲ. ಅವರಿಗೆ ರ‍್ಯಾಂಪ್ ಎಂದು ಕರೆಯಲಾಗುವ ಇಳಿಜಾರು ದಾರಿ ಬೇಕಾಗುತ್ತದೆ. ಇದರ ಇಳಿಜಾರು 12 ಅಡಿ ಉದ್ದಕ್ಕೆ 1 ಅಡಿ ಎತ್ತರವನ್ನು ಮೀರಬಾರದು. ಇದರಂತೆ 1.5 ಮೀಟರ್ ಎತ್ತರಕ್ಕೆ 18 ಮೀಟರ್, 2 ಮೀಟರ್ ಎತ್ತರಕ್ಕೆ 24 ಮೀಟರ್ ಉದ್ದ ಬೇಕಾಗುತ್ತದೆ. ದೀರ್ಘ ದಾರಿಯ ನಡುವೆ ವಿಶ್ರಮಿಸಲು ಸಮತಟ್ಟಾದ ಜಾಗ ಇರಬೇಕು.

ಇಳಿಜಾರಿನ ಉಪಯುಕ್ತತೆಗೆ ಶರಾವತಿ ಹಿನ್ನೀರು ಉತ್ತಮ ಉದಾಹರಣೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯು ಸಂಚಾರಕ್ಕೆ ತೆರೆಯುವವರೆಗೆ ಸಿಗಂದೂರಿಗೆ ತೆರಳುವವರನ್ನು ಮತ್ತು ಅವರ ವಾಹನಗಳನ್ನು ಲಾಂಚ್‌ಗಳು ದಾಟಿಸುತ್ತಿದ್ದವು. ಲಾಂಚ್‌ನ ತುದಿಯ ಹಲಗೆಯು ದಡದ ಇಳಿಜಾರಿನ ಮೇಲೆ ಒರಗುತ್ತಿದ್ದುದರಿಂದ ವೃದ್ಧರೂ ಕಾಲು ಎತ್ತಿಡದೆ ನಡೆದೇ ಒಳಗೆ ಹೋಗಬಹುದಾಗಿತ್ತು. ಸಣ್ಣ ದೋಣಿಗೂ ಇದೇ ತತ್ವವನ್ನು ಸಣ್ಣ ಪ್ರಮಾಣದಲ್ಲಿ ಅಳವಡಿಸಬಹುದಾಗಿದೆ.

4.3 ತೇಲುವ ಜೆಟ್ಟಿ: ನೀರಿನೊಂದಿಗೆ ತಾನೂ ಏರಿ ಇಳಿಯುವ ವೇದಿಕೆಯನ್ನು ತೇಲುವ ಜೆಟ್ಟಿ ಎನ್ನಲಾಗುತ್ತದೆ. ಇದರ ಮೇಲ್ಮೈ ಮತ್ತು ದೋಣಿಯ ಅಂಚಿನ ನಡುವಿನ ಎತ್ತರವು ದಿನದ ಎಲ್ಲ ವೇಳೆಯಲ್ಲಿಯೂ ಬಹುತೇಕ ಒಂದೇ ಆಗಿರುವುದು ಇದರ ಮುಖ್ಯ ಪ್ರಯೋಜನ. ದಡದಿಂದ ಜೆಟ್ಟಿಗೆ ಕೀಲು ಜೋಡಿಸಿದ ಸೇತುದಾರಿ ಇರುತ್ತದೆ. ನೀರು 1.5 ಮೀಟರ್ ಇಳಿಯುವ ಸ್ಥಳದಲ್ಲಿ ಸೇತುದಾರಿಯು 12 ಮೀಟರ್ ಉದ್ದವಿದ್ದಲ್ಲಿ, ಪೂರ್ಣ ಇಳಿತದ ವೇಳೆ ಅದರ ಇಳಿಜಾರು 8ಕ್ಕೆ 1ರಷ್ಟು ಕಡಿದಾಗುತ್ತದೆ. ಆ ವೇಳೆ ಗಾಲಿಕುರ್ಚಿ ಬಳಸುವವರಿಗೆ ಸಹಾಯಕರು ಅಗತ್ಯ. ಮಳೆಗಾಲದ ಪ್ರವಾಹ ಮತ್ತು ತೇಲಿ ಬರುವ ಮರಗಳಿಂದ ತೇಲುವ ಜೆಟ್ಟಿಗೆ ಹಾನಿಯಾಗುವ ಸಂಭವವಿರುವುದರಿಂದ ಸ್ಥಳದ ಆಯ್ಕೆಯನ್ನು ಅಭಿಯಂತರರ ಸಲಹೆಯಂತೆ ಮಾಡಬೇಕಾಗುತ್ತದೆ.

4.4 ಕಡಿಮೆ ವೆಚ್ಚದ ಕ್ರಮಗಳು: ದೊಡ್ಡ ಕಾಮಗಾರಿ ಆಗುವವರೆಗೆ ಕಾಯದೆ ಕೈಗೊಳ್ಳಬಹುದಾದ ಕ್ರಮಗಳು ಈ ಕೆಳಕಂಡಂತಿವೆ.

ಅ) ಹತ್ತುವ ಸ್ಥಳದಲ್ಲಿ ಸುಮಾರು 900 ಮಿ.ಮೀ. ಎತ್ತರದ ಭದ್ರವಾದ ಕೈಪಿಡಿಕಂಬಿ. ಇದು ಕೊನೆಯ ಮೆಟ್ಟಿಲಿನವರೆಗೂ ಮುಂದುವರಿಯಬೇಕು.
ಆ) ದೋಣಿಯ ಮುಂತುದಿ ಮತ್ತು ಹಿಂತುದಿ ಎರಡನ್ನೂ ಕಟ್ಟಲು ಎರಡು ಗೂಟಗಳು ಅಥವಾ ಕೊಂಡಿಗಳು.
ಇ) ದೋಣಿಯು ಗೋಡೆಗೆ ಬಡಿಯದಂತೆ ಹಾಗೂ ಕಾಲು ಸಿಲುಕದಂತೆ ದಕ್ಕೆಯ ಗೋಡೆಗೆ ತೂಗುಹಾಕಿದ ಹಳೆಯ ಟಯರುಗಳು.
ಈ) ಮೆಟ್ಟಿಲುಗಳ ಪಾಚಿಯನ್ನು ತಂತಿ ಬ್ರಷ್‌ನಿಂದ ನಿಯಮಿತವಾಗಿ ಉಜ್ಜಿ ತೆಗೆಯುವುದು. ಮಳೆಗಾಲದಲ್ಲಿ ಇದನ್ನು ಹೆಚ್ಚು ಬಾರಿ ಮಾಡುವುದು.
ಉ) ಮೆಟ್ಟಿಲುಗಳ ಅಂಚಿಗೆ ಬಿಳಿ ಅಥವಾ ಹಳದಿ ಬಣ್ಣದ ಪಟ್ಟಿ, ಸಂಜೆಯ ವೇಳೆಗೆ ಒಂದು ದೀಪ.
ಊ) ಕೆಸರು ಇರುವ ದಡದಲ್ಲಿ ಕಲ್ಲು ಹಾಸು ಅಥವಾ ಅಡ್ಡಪಟ್ಟಿ ಹೊಡೆದ ಹಲಗೆಯ ದಾರಿ. ಹಲಗೆಯ ದಡದ ತುದಿಯನ್ನು ಭದ್ರವಾಗಿ ಕಟ್ಟಿರಬೇಕು. ದೋಣಿಯ ಮೇಲೆ ಒರಗುವ ತುದಿಯು ದೋಣಿಯೊಂದಿಗೆ ಸರಿದಾಡುವಷ್ಟು ಉದ್ದವನ್ನು ಹೊಂದಿರಬೇಕು.

5. ದೋಣಿಯಲ್ಲಿ ಮಾಡಬಹುದಾದ ಸುಧಾರಣೆಗಳು

5.1 ದೋಣಿಯ ಅಂಚಿನಿಂದ ತಳಕ್ಕೆ ಒಂದೇ ಬಾರಿಗೆ ಇಳಿಯಬೇಕಾಗುವುದು ಪ್ರಯಾಣಿಕರಿಗೆ ಅತ್ಯಂತ ಕಷ್ಟದ ಹಂತವಾಗಿರುತ್ತದೆ. ಹತ್ತುವ ಕಡೆ ದೋಣಿಯ ಒಳಗೆ ಸುಮಾರು 200 ಮಿ.ಮೀ. ಎತ್ತರದ, ಅಗಲ ತಳವುಳ್ಳ ಮರದ ಮೆಟ್ಟಿಲುಪೆಟ್ಟಿಗೆಯನ್ನು ಕಟ್ಟಿ ಇಟ್ಟಲ್ಲಿ ಈ ಇಳಿತವು ಎರಡು ಸಣ್ಣ ಹೆಜ್ಜೆಗಳಾಗಿ ಹಂಚಿಹೋಗುತ್ತದೆ. ಪೆಟ್ಟಿಗೆಯು ಸಡಿಲವಾಗಿ ಇರಬಾರದು.

5.2 ಹತ್ತುವ ಸ್ಥಳದ ಸಮೀಪದಲ್ಲಿ ಹಿಡಿದುಕೊಳ್ಳಲು ಗಟ್ಟಿಯಾದ ಕಂಬಿ ಅಥವಾ ಗಂಟು ಹಾಕಿದ ಹಗ್ಗ ಇರಬೇಕು. ದೋಣಿಯ ಚಾವಣಿಯ ತೆಳುವಾದ ಕಂಬಗಳನ್ನು ಇದಕ್ಕೆ ಬಳಸಬಾರದು.

5.3 ತಳದ ಹಲಗೆಗಳು ಅಲುಗಾಡದಂತೆ ಇದ್ದು, ಅವುಗಳ ಮೇಲೆ ಜಾರದ ಹಾಸು ಅಥವಾ ಮರಳು ಬೆರೆಸಿದ ಬಣ್ಣದ ಲೇಪನ ಇರುವುದು ಉಪಯುಕ್ತ. ಬಲೆ, ಹಗ್ಗ, ಇಂಧನದ ಕ್ಯಾನ್ ಇತ್ಯಾದಿಗಳನ್ನು ಹತ್ತುವ ದಾರಿಯಲ್ಲಿ ಇಡಬಾರದು.

5.4 ನೋಂದಣಿಯಾದ ಯಾಂತ್ರೀಕೃತ ದೋಣಿಯ ರಚನೆಯಲ್ಲಿ ಶಾಶ್ವತ ಬದಲಾವಣೆ ಮಾಡುವ ಮೊದಲು, ಅಂದರೆ ಅಂಚನ್ನು ಕತ್ತರಿಸಿ ಬಾಗಿಲು ಮಾಡುವುದು, ಹೊಸ ಚಾವಣಿ ಅಥವಾ ಮೇಲಂತಸ್ತು ಸೇರಿಸುವುದು ಮುಂತಾದ ಕೆಲಸಗಳಿಗೆ ಮೊದಲು, ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸಬೇಕು. ಇಂತಹ ಬದಲಾವಣೆಗಳು ದೋಣಿಯ ಸಮತೋಲನದ ಮೇಲೆ ಪರಿಣಾಮ ಬೀರುತ್ತವೆ.

6. ಹತ್ತುವ ಮತ್ತು ಇಳಿಯುವ ಕ್ರಮ

6.1 ದೋಣಿ ನಡೆಸುವವರು ಮೊದಲು ಎರಡೂ ತುದಿಗಳ ಹಗ್ಗವನ್ನು ಕಟ್ಟಬೇಕು. ಇಂಜಿನ್ ಇದ್ದಲ್ಲಿ ಅದನ್ನು ನಿಲ್ಲಿಸಿದ ನಂತರವೇ ಜನರನ್ನು ಹತ್ತಿಸಬೇಕು.

6.2 ಜೀವರಕ್ಷಕ ಜಾಕೆಟ್ ಅನ್ನು ದಡದಲ್ಲಿಯೇ ಧರಿಸಬೇಕು. ಬೀಳುವ ಸಂಭವ ಹತ್ತುವ ಕ್ಷಣದಲ್ಲಿಯೂ ಇರುವುದರಿಂದ, ದೋಣಿಯಲ್ಲಿ ಕುಳಿತ ನಂತರ ಧರಿಸುವುದು ತಡವಾಗುತ್ತದೆ.

6.3 ಚೀಲ, ಕೊಡೆ, ಮಗು ಇವುಗಳನ್ನು ಕೈಯಲ್ಲಿ ಹಿಡಿದು ಹತ್ತಬಾರದು. ಸಾಮಾನುಗಳನ್ನು ಮೊದಲು ಒಳಗೆ ಕೊಟ್ಟು, ಎರಡೂ ಕೈಗಳನ್ನು ಖಾಲಿ ಇಟ್ಟುಕೊಳ್ಳಬೇಕು. ಮಗುವನ್ನು ಒಳಗಿರುವವರ ಕೈಗೆ ಒಪ್ಪಿಸಬೇಕು.

6.4 ಒಬ್ಬರ ನಂತರ ಒಬ್ಬರಂತೆ ಹತ್ತಬೇಕು. ಮೊದಲ ಹೆಜ್ಜೆಯನ್ನು ಅಂಚಿನ ಮೇಲೆ ಇಡದೆ, ಸಾಧ್ಯವಾದಷ್ಟು ಮಧ್ಯರೇಖೆಯ ಬಳಿ ಇಡಬೇಕು. ಎರಡು ಕೈ ಮತ್ತು ಎರಡು ಕಾಲುಗಳ ಪೈಕಿ ಮೂರು ಯಾವಾಗಲೂ ಭದ್ರವಾದ ಆಸರೆಯ ಮೇಲೆ ಇರುವಂತೆ ನೋಡಿಕೊಂಡು, ಮೈಯನ್ನು ಬಗ್ಗಿಸಿ ಚಲಿಸಬೇಕು. ಒಳಗೆ ಬಂದ ಕೂಡಲೇ ಕುಳಿತುಕೊಳ್ಳಬೇಕು.

6.5 ಹತ್ತಿದವರನ್ನು ಎರಡೂ ಬದಿಗೆ ಸಮನಾಗಿ ಕುಳ್ಳಿರಿಸುತ್ತಾ ಹೋಗಬೇಕು. ದೋಣಿಯ ಮೇಲೆ ನಮೂದಿಸಿದ ಸಂಖ್ಯೆ ತಲುಪಿದಾಗ ಹತ್ತಿಸುವುದನ್ನು ನಿಲ್ಲಿಸಬೇಕು. ಜಾತ್ರೆ ಮತ್ತು ಹಬ್ಬಗಳ ದಿನ ಈ ಎಣಿಕೆ ತಪ್ಪದಂತೆ ಕಡವಿನಲ್ಲಿ ಒಬ್ಬರನ್ನು ನೇಮಿಸುವುದು ಅಗತ್ಯ. 2019ರ ಜನವರಿ 21ರಂದು ಕಾರವಾರ ಸಮೀಪದ ಕೂರ್ಮಗಡ ದ್ವೀಪದ ಜಾತ್ರೆಯ ಸಂದರ್ಭದಲ್ಲಿ ದೋಣಿ ಮಗುಚಿ 16 ಮಂದಿ ಮೃತಪಟ್ಟರು. ಜಾತ್ರೆಯ ದಿನದ ದೋಣಿ ಪ್ರಯಾಣದಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ಈ ದುರಂತವು ನೆನಪಿಸುತ್ತದೆ.

6.6 ಇಳಿಯುವಾಗ ದೋಣಿಯನ್ನು ಕಟ್ಟಿ ಮುಗಿಸುವವರೆಗೆ ಯಾರೂ ಏಳಬಾರದು. ದಡ ಸಮೀಪಿಸಿದ ಕೂಡಲೇ ಎಲ್ಲರೂ ಒಂದೇ ಬದಿಗೆ ಬರುವುದು ಅಪಾಯಕಾರಿ.

6.7 ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ತೆರಳುವಾಗ ಇರುವಂತೆ, ದೊಡ್ಡ ದೋಣಿಯಿಂದ ನೀರಿನ ನಡುವೆಯೇ ಸಣ್ಣ ದೋಣಿಗೆ ಬದಲಾಯಿಸಬೇಕಾದ ಸಂದರ್ಭದಲ್ಲಿ ಎರಡೂ ದೋಣಿಗಳು ಅಲೆಗೆ ಬೇರೆ ಬೇರೆಯಾಗಿ ಏರಿಳಿಯುತ್ತವೆ. ಎರಡೂ ಅಂಚುಗಳು ಒಂದೇ ಮಟ್ಟಕ್ಕೆ ಬಂದಾಗ ಸಿಬ್ಬಂದಿಯ ಸೂಚನೆಯಂತೆ ಮಾತ್ರ ದಾಟಬೇಕು. ಕೈ ಅಥವಾ ಕಾಲನ್ನು ಎರಡು ದೋಣಿಗಳ ನಡುವೆ ಇಡಬಾರದು.

7. ವಿಶೇಷ ಗಮನ ಅಗತ್ಯವಿರುವವರು

7.1 ಹಿರಿಯ ನಾಗರಿಕರು ಮತ್ತು ಗರ್ಭಿಣಿಯರು: ಇವರನ್ನು ಎಲ್ಲರಿಗಿಂತ ಮೊದಲು, ದೋಣಿ ಖಾಲಿ ಇರುವಾಗ ಹತ್ತಿಸಬೇಕು ಮತ್ತು ಕೊನೆಯಲ್ಲಿ ಇಳಿಸಬೇಕು. ಇದರಿಂದ ನೂಕಾಟ ತಪ್ಪುತ್ತದೆ. ನಿಂತು ದಾಟಲಾಗದವರು ದಕ್ಕೆಯ ಅಂಚಿನಲ್ಲಿ ಕುಳಿತು, ಕಾಲುಗಳನ್ನು ದೋಣಿಯ ಒಳಗಿನ ಮೆಟ್ಟಿಲುಪೆಟ್ಟಿಗೆಯ ಮೇಲೆ ಇಟ್ಟು, ನಂತರ ಮೈಯನ್ನು ಸರಿಸಿಕೊಳ್ಳಬಹುದು. ದಕ್ಕೆ ಮತ್ತು ದೋಣಿಯ ಅಂಚು ಹೆಚ್ಚುಕಡಿಮೆ ಸಮನಾಗಿರುವ ವೇಳೆಯಲ್ಲಿ ಈ ಕ್ರಮವು ಬಹಳ ಅನುಕೂಲಕರ.

7.2 ದೃಷ್ಟಿದೋಷವುಳ್ಳವರು: ಇವರನ್ನು ಎಳೆಯುವುದು ಅಥವಾ ಎತ್ತುವುದು ಸರಿಯಲ್ಲ. ದೋಣಿಯ ಅಂಚು ಎಷ್ಟು ಕೆಳಗಿದೆ, ಎಷ್ಟು ದೂರವಿದೆ ಎಂಬುದನ್ನು ಬಾಯಿಮಾತಿನಲ್ಲಿ ತಿಳಿಸಿ, ಅವರ ಕೈಯನ್ನು ಕೈಪಿಡಿಕಂಬಿಯ ಮೇಲೆ ಇರಿಸಬೇಕು. ಊರುಗೋಲಿನಿಂದ ದೋಣಿಯ ತಳವನ್ನು ಮುಟ್ಟಿ ನೋಡಲು ಸಮಯ ಕೊಡಬೇಕು.

7.3 ಗಾಲಿಕುರ್ಚಿ ಬಳಸುವವರು: ವ್ಯಕ್ತಿಯನ್ನು ಕುರ್ಚಿಯ ಸಮೇತ ಎತ್ತಿ ಸಣ್ಣ ದೋಣಿಗೆ ಇಳಿಸುವುದು ಅಪಾಯಕಾರಿ. ಭಾರವು ಮೇಲ್ಮಟ್ಟದಲ್ಲಿ ಇರುವುದಲ್ಲದೆ ಎತ್ತುವವರೂ ಒಂದೇ ಬದಿಯಲ್ಲಿ ನಿಲ್ಲಬೇಕಾಗುತ್ತದೆ. ದಕ್ಕೆಯ ಅಂಚಿಗೆ ಅಡ್ಡ ಹಲಗೆಯನ್ನು ಇಟ್ಟು, ವ್ಯಕ್ತಿಯು ಕುಳಿತ ಭಂಗಿಯಲ್ಲಿಯೇ ಕುರ್ಚಿಯಿಂದ ಹಲಗೆಗೆ, ಹಲಗೆಯಿಂದ ದೋಣಿಯ ಆಸನಕ್ಕೆ ಸರಿಯುವುದು ಉತ್ತಮ. ಕುರ್ಚಿಯನ್ನು ಮಡಚಿ ಪ್ರತ್ಯೇಕವಾಗಿ ಸಾಗಿಸಬೇಕು. ಪ್ರಯಾಣದ ವೇಳೆ ವ್ಯಕ್ತಿಯನ್ನು ಕುರ್ಚಿಗಾಗಲಿ ದೋಣಿಗಾಗಲಿ ಬೆಲ್ಟಿನಿಂದ ಕಟ್ಟಬಾರದು.

7.4 ಯಾವ ರೀತಿಯ ಸಹಾಯ ಬೇಕೆಂಬುದನ್ನು ಮೊದಲು ಆ ವ್ಯಕ್ತಿಯನ್ನೇ ಕೇಳಿ ತಿಳಿದುಕೊಳ್ಳಬೇಕು.

8. ಹರಿಗೋಲು ಹತ್ತುವಾಗ

ತುಂಗಭದ್ರಾ ಮತ್ತು ಕಾವೇರಿ ನದಿಗಳಲ್ಲಿ ಬಳಕೆಯಲ್ಲಿರುವ ಹರಿಗೋಲು ಬಿದಿರಿನ ಹೆಣಿಗೆಯ ದುಂಡನೆಯ ಬುಟ್ಟಿಯಾಗಿದ್ದು, ಹಿಂದೆ ಇದಕ್ಕೆ ತೊಗಲನ್ನು ಹೊದಿಸಲಾಗುತ್ತಿತ್ತು. ಇದಕ್ಕೆ ಮುಂತುದಿ, ಹಿಂತುದಿಗಳಿಲ್ಲ. ಯಾವ ಕಡೆ ಒತ್ತಿದರೂ ಅದೇ ಕಡೆ ವಾಲುತ್ತದೆ ಮತ್ತು ತಿರುಗುತ್ತದೆ. ಆದ್ದರಿಂದ ಆಳವಿಲ್ಲದ ದಡದಲ್ಲಿ ತಳವು ನೆಲಕ್ಕೆ ತಾಗಿರುವಾಗ, ಅಂಬಿಗರು ಎದುರು ಬದಿಯ ಅಂಚನ್ನು ಒತ್ತಿ ಹಿಡಿದಿರುವಾಗ, ನೇರವಾಗಿ ನಡುವಿಗೆ ಕಾಲಿಟ್ಟು ಹತ್ತಬೇಕು. ಎರಡನೆಯವರು ಮೊದಲನೆಯವರ ಎದುರು ಬದಿಯಲ್ಲಿ ಕುಳಿತುಕೊಳ್ಳಬೇಕು. ಎಲ್ಲರೂ ಕುಳಿತ ನಂತರ ಹರಿಗೋಲನ್ನು ನೀರಿಗೆ ತಳ್ಳಬೇಕು. ಚೂಪಾದ ಹಿಮ್ಮಡಿಯ ಪಾದರಕ್ಷೆಗಳಿಂದ ಹೊದಿಕೆಗೆ ಹಾನಿಯಾಗುವುದರಿಂದ ಅವುಗಳನ್ನು ಕಳಚುವುದು ಸೂಕ್ತ.

9. ನೀರಿಗೆ ಬಿದ್ದವರು ಮರಳಿ ದೋಣಿ ಹತ್ತುವುದು

9.1 ಈಜು ಬಲ್ಲವರಿಗೂ ನೀರಿನಿಂದ ದೋಣಿಯ ಅಂಚನ್ನು ಏರುವುದು ಕಷ್ಟ. ನೀರಿನಲ್ಲಿ ಕಾಲಿಗೆ ಆಸರೆ ಇರುವುದಿಲ್ಲ. ಬಟ್ಟೆ ನೆನೆದು ಭಾರವಾಗಿರುತ್ತದೆ. ತೋಳುಗಳ ಬಲ ಮಾತ್ರ ಸಾಲದು. ಆದುದರಿಂದ ಪ್ರತಿ ದೋಣಿಯಲ್ಲಿ, ಒಬ್ಬರೇ ಹೋಗುವ ಮೀನುಗಾರರ ದೋಣಿಯಲ್ಲಿಯೂ ಸಹ, ಏಣಿ ಇರುವುದು ಒಳಿತು. ಏಣಿಯ ಕೆಳಗಿನ ಎರಡು ಮೆಟ್ಟಿಲುಗಳಾದರೂ ನೀರಿನೊಳಗೆ ಮುಳುಗಿರಬೇಕು. ಹಗ್ಗದ ಏಣಿಯಾದಲ್ಲಿ ಅದು ದೋಣಿಯ ಅಡಿಗೆ ಸರಿಯದಂತೆ ಕೆಳಗಿನ ಮೆಟ್ಟಿಲಿಗೆ ಭಾರ ಕಟ್ಟಿರಬೇಕು. ನೀರಿನಲ್ಲಿರುವವರ ಕೈಗೆ ಎಟುಕುವಂತೆ ಅದನ್ನು ಜೋಡಿಸಿರಬೇಕು.

9.2 ಏಣಿ ಇಲ್ಲದಿದ್ದಲ್ಲಿ, ಗಟ್ಟಿಯಾದ ಹಗ್ಗವನ್ನು ಎರಡು ಕಡೆ ಕಟ್ಟಿ ನೀರಿನೊಳಗೆ ಉಯ್ಯಾಲೆಯಂತೆ ಇಳಿಬಿಟ್ಟಲ್ಲಿ ಅದು ಕಾಲಿಡುವ ಮೆಟ್ಟಿಲಾಗುತ್ತದೆ.

9.3 ಕಿರಿದಾದ ದೋಣಿಗೆ ಪಕ್ಕದಿಂದ ಹತ್ತಿದಲ್ಲಿ ದೋಣಿಯೇ ಮಗುಚಬಹುದು. ಹಿಂತುದಿಯಿಂದ ಹತ್ತಿಸುವುದು ಉತ್ತಮ. ಆದರೆ ಇಂಜಿನ್ ಪೂರ್ಣವಾಗಿ ನಿಂತಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಅನಿವಾರ್ಯವಾಗಿ ಪಕ್ಕದಿಂದ ಹತ್ತಿಸಬೇಕಾದಲ್ಲಿ ಒಳಗಿರುವ ಇತರರು ಎದುರು ಬದಿಯಲ್ಲಿ ಕುಳಿತು ಭಾರವನ್ನು ಸರಿದೂಗಿಸಬೇಕು.

9.4 ದೋಣಿ ಮಗುಚಿದ ಸಂದರ್ಭದಲ್ಲಿ ದಡಕ್ಕೆ ಈಜಲು ಯತ್ನಿಸುವುದಕ್ಕಿಂತ ತೇಲುತ್ತಿರುವ ದೋಣಿಯನ್ನು ಹಿಡಿದುಕೊಂಡಿರುವುದು ಸಾಮಾನ್ಯವಾಗಿ ಸುರಕ್ಷಿತ. ತುರ್ತು ನೆರವಿಗಾಗಿ 112 ಸಂಖ್ಯೆಗೂ, ಸಮುದ್ರದಲ್ಲಿ ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಗೂ ಕರೆ ಮಾಡಬಹುದು.

10. ಸಂಬಂಧಿಸಿದ ಕಾನೂನುಗಳು

10.1 1917ರ ಒಳನಾಡು ಹಡಗುಗಳ ಕಾಯ್ದೆಯ ಬದಲಿಗೆ ಒಳನಾಡು ಹಡಗುಗಳ ಕಾಯ್ದೆ, 2021 ಜಾರಿಗೆ ಬಂದಿರುತ್ತದೆ. ಯಾಂತ್ರೀಕೃತ ಒಳನಾಡು ಹಡಗು ಮತ್ತು ದೋಣಿಗಳ ಸಮೀಕ್ಷೆ, ನೋಂದಣಿ, ಸಿಬ್ಬಂದಿಯ ಅರ್ಹತೆ ಹಾಗೂ ಸುರಕ್ಷತಾ ಸಾಧನಗಳ ಬಗ್ಗೆ ಇದರಲ್ಲಿ ಅವಕಾಶ ಕಲ್ಪಿಸಲಾಗಿದೆ. ಇಂಜಿನ್ ಇಲ್ಲದ ದೋಣಿಗಳ ದಾಖಲಾತಿಗೆ ಸಂಬಂಧಿಸಿದಂತೆ ಸ್ಥಳೀಯ ಸಂಸ್ಥೆಗಳಿಗೆ ಪಾತ್ರವನ್ನು ನೀಡಲಾಗಿದೆ.

10.2 ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 41ನೇ ಪ್ರಕರಣವು ಸಾರಿಗೆ ಸೌಲಭ್ಯಗಳನ್ನು ವಿಕಲಚೇತನರಿಗೆ ನಿಲುಕುವಂತೆ ಮಾಡುವ ಬಗ್ಗೆ ತಿಳಿಸುತ್ತದೆ. ತಾಂತ್ರಿಕವಾಗಿ ಸಾಧ್ಯವಿರುವ ಹಾಗೂ ಸುರಕ್ಷಿತವಾದ ಕಡೆ ಹಳೆಯ ಸಾರಿಗೆ ಸಾಧನಗಳನ್ನು ಮಾರ್ಪಡಿಸುವುದೂ ಇದರಲ್ಲಿ ಸೇರಿದೆ.

10.3 ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಪೈಕಿ ರಸ್ತೆ, ಮೋರಿ ಮತ್ತು ಸೇತುವೆಗಳ ಜೊತೆಗೆ ಕಡವು ಹಾಗೂ ಜಲಮಾರ್ಗಗಳೂ ಸೇರಿವೆ. ಆದ್ದರಿಂದ ಗ್ರಾಮದ ಕಡವಿನ ವಿಷಯವನ್ನು ಗ್ರಾಮಸಭೆಯಲ್ಲಿ ಮಂಡಿಸುವುದು ಸೂಕ್ತವಾಗಿರುತ್ತದೆ.

10.4 ಉಬ್ಬರವಿಳಿತದ ಪ್ರಭಾವವಿರುವ ನದಿ ದಡಗಳಿಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅನ್ವಯಿಸುತ್ತವೆ. ಶಾಶ್ವತ ಕಾಮಗಾರಿಗೆ ಅನುಮತಿ ಅಗತ್ಯವಿರುವುದರಿಂದ ಸಮಯ ಹಿಡಿಯಬಹುದು. ಅಲ್ಲಿಯವರೆಗೆ ಕಂಡಿಕೆ 4.4 ಮತ್ತು 5ರಲ್ಲಿ ತಿಳಿಸಿರುವ ಸಣ್ಣ ಕ್ರಮಗಳನ್ನು ಅನುಸರಿಸಬಹುದು.

11. ಕಡವಿನ ಸುಧಾರಣೆಗೆ ಅರ್ಜಿ ಸಲ್ಲಿಸುವ ಬಗ್ಗೆ

11.1 ಕಡವನ್ನು ಬಳಸುವ ಯಾವುದೇ ವ್ಯಕ್ತಿ ಅಥವಾ ಗುಂಪು ಬಿಳಿ ಹಾಳೆಯಲ್ಲಿ ಲಿಖಿತ ಮನವಿಯನ್ನು ಗ್ರಾಮ ಪಂಚಾಯಿತಿಗೆ ಅಥವಾ ನಗರ ಸ್ಥಳೀಯ ಸಂಸ್ಥೆಗೆ ಸಲ್ಲಿಸಿ, ಪ್ರತಿಯನ್ನು ಸಮೀಪದ ಬಂದರು ಕಚೇರಿಗೆ ನೀಡಬಹುದು. ಸ್ವೀಕೃತಿಯನ್ನು ಪಡೆದು ಇಟ್ಟುಕೊಳ್ಳಬೇಕು.

11.2 ಮನವಿಯಲ್ಲಿ ಈ ಕೆಳಕಂಡ ವಿವರಗಳು ಇದ್ದಲ್ಲಿ ಪರಿಶೀಲನೆ ಸುಲಭವಾಗುತ್ತದೆ.

ಅ) ಕಡವಿನ ಹೆಸರು, ಗ್ರಾಮ, ನದಿ ಅಥವಾ ಜಲಾಶಯದ ಹೆಸರು.
ಆ) ದಿನಕ್ಕೆ ಅಂದಾಜು ಎಷ್ಟು ಮಂದಿ ಬಳಸುತ್ತಾರೆ, ಅವರಲ್ಲಿ ಶಾಲಾ ಮಕ್ಕಳು, ಹಿರಿಯರು ಮತ್ತು ವಿಕಲಚೇತನರು ಎಷ್ಟು.
ಇ) ದೋಣಿ ಹತ್ತಲಾಗದ ಕಾರಣ ಪ್ರಯಾಣವನ್ನೇ ನಿಲ್ಲಿಸಿರುವವರ ಸಂಖ್ಯೆ. ಕಡವಿಗೆ ಬಾರದ ಇವರು ದಿನದ ಎಣಿಕೆಯಲ್ಲಿ ಕಾಣಿಸುವುದಿಲ್ಲವಾದ್ದರಿಂದ ಇವರನ್ನು ಪ್ರತ್ಯೇಕವಾಗಿ ನಮೂದಿಸುವುದು ಮುಖ್ಯ.
ಈ) ನೀರಿನ ಏರಿಳಿತದ ಅಳತೆ ಮತ್ತು ಎರಡೂ ಹಂತಗಳ ಛಾಯಾಚಿತ್ರ.
ಉ) ಗ್ರಾಮಸಭೆಯ ನಿರ್ಣಯವಿದ್ದಲ್ಲಿ ಅದರ ಪ್ರತಿ.

11.3 ನೀರಿನ ಏರಿಳಿತವನ್ನು ಸಾರ್ವಜನಿಕರೇ ಅಳೆಯಬಹುದು. ದಕ್ಕೆಯ ಪಕ್ಕದಲ್ಲಿ ಸೆಂಟಿಮೀಟರ್ ಗುರುತು ಮಾಡಿದ ಬಿದಿರಿನ ಗಳವನ್ನು ನೆಟ್ಟು, ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ 15 ದಿನ, ಹಗಲಿನಲ್ಲಿ ಕಾಣುವ ಅತಿ ಹೆಚ್ಚಿನ ಹಾಗೂ ಅತಿ ಕಡಿಮೆ ಮಟ್ಟವನ್ನು ಬರೆದಿಡಬೇಕು. ಉದಾಹರಣೆಗೆ, ದಕ್ಕೆಯ ಮೇಲ್ಮೈಯಿಂದ ನೀರು ಉಬ್ಬರದಲ್ಲಿ 40 ಸೆಂ.ಮೀ. ಮತ್ತು ಇಳಿತದಲ್ಲಿ 190 ಸೆಂ.ಮೀ. ಕೆಳಗಿದ್ದು, ದೋಣಿಯ ಅಂಚು ನೀರಿನಿಂದ 45 ಸೆಂ.ಮೀ. ಮೇಲಿದ್ದಲ್ಲಿ, ಉಬ್ಬರದಲ್ಲಿ ಅಂಚು ದಕ್ಕೆಗಿಂತ 5 ಸೆಂ.ಮೀ. ಮೇಲೆ ಬರುತ್ತದೆ. ಇಳಿತದಲ್ಲಿ ಅದೇ ಅಂಚು 145 ಸೆಂ.ಮೀ. ಕೆಳಗೆ ಹೋಗುತ್ತದೆ. ಹತ್ತಲು ಕಷ್ಟ ಎಂಬ ಒಕ್ಕಣೆಗಿಂತ ಈ ಎರಡು ಅಂಕಿಗಳು ಪರಿಶೀಲನಾ ಅಧಿಕಾರಿಗೆ ಹೆಚ್ಚು ಸ್ಪಷ್ಟವಾದ ಚಿತ್ರವನ್ನು ನೀಡುತ್ತವೆ. ಹಿನ್ನೀರು ಹಾಗೂ ಒಳನಾಡಿನ ನದಿಗಳಲ್ಲಿ ಮಳೆಗಾಲದ ಮತ್ತು ಬೇಸಿಗೆಯ ಮಟ್ಟಗಳನ್ನು ನಮೂದಿಸಬೇಕು.

11.4 ಮನವಿಯ ಮೇಲೆ ಕೈಗೊಂಡ ಕ್ರಮದ ಬಗ್ಗೆ ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ ರೂ. 10 ಶುಲ್ಕದೊಂದಿಗೆ ಮಾಹಿತಿ ಕೋರಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಈ ಶುಲ್ಕವಿರುವುದಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗಿರುತ್ತದೆ.

12. ಆಗಾಗ್ಗೆ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸೇತುವೆ ಮಂಜೂರಾಗಿರುವ ಸ್ಥಳದಲ್ಲಿ ಕಡವಿನ ಸುಧಾರಣೆಯನ್ನು ಕೋರಬಹುದೇ?
ಉತ್ತರ: ಕೋರಬಹುದು. ಸೇತುವೆ ಪೂರ್ಣಗೊಳ್ಳಲು ವರ್ಷಗಳು ಬೇಕಾಗಬಹುದು. ಕೈಪಿಡಿಕಂಬಿ, ಮೆಟ್ಟಿಲುಪೆಟ್ಟಿಗೆ, ಹಲಗೆಯ ದಾರಿ ಮುಂತಾದ ಬಿಚ್ಚಿ ಸಾಗಿಸಬಹುದಾದ ವ್ಯವಸ್ಥೆಗಳನ್ನು ನಂತರ ಬೇರೆ ಕಡವಿನಲ್ಲಿ ಬಳಸಬಹುದು.

ಪ್ರಶ್ನೆ: ಒಬ್ಬರಿಗೆ ಮಾತ್ರ ತೊಂದರೆ ಇದ್ದಲ್ಲಿ ಮನವಿ ಸಲ್ಲಿಸಬಹುದೇ?
ಉತ್ತರ: ಸಲ್ಲಿಸಬಹುದು. ಒಬ್ಬರಿಗಾಗಿ ಹಾಕಿದ ಕೈಪಿಡಿಕಂಬಿಯನ್ನು ಕಡವಿಗೆ ಬರುವ ಎಲ್ಲರೂ ಬಳಸುತ್ತಾರೆ.

ಪ್ರಶ್ನೆ: ಇಳಿತದ ವೇಳೆ ಮಾತ್ರ ತೊಂದರೆಯಾಗುತ್ತದೆ. ಇದಕ್ಕೆ ಕಾಮಗಾರಿ ಇಲ್ಲದೆ ಪರಿಹಾರವಿದೆಯೇ?
ಉತ್ತರ: ಭಾಗಶಃ ಇದೆ. ಉಬ್ಬರದ ವೇಳೆಯನ್ನು ಕಡವಿನ ಫಲಕದಲ್ಲಿ ಪ್ರತಿದಿನ ಬರೆದು, ಹಿರಿಯರು ಮತ್ತು ರೋಗಿಗಳ ಪ್ರಯಾಣವನ್ನು ಆ ವೇಳೆಗೆ ಹೊಂದಿಸಬಹುದು. ಆದರೆ ಶಾಲೆ ಮತ್ತು ಆಸ್ಪತ್ರೆಯ ವೇಳೆಯು ಉಬ್ಬರವನ್ನು ಕಾಯುವುದಿಲ್ಲವಾದ್ದರಿಂದ ಇದು ಶಾಶ್ವತ ಪರಿಹಾರವಲ್ಲ.

ಪ್ರಶ್ನೆ: ದೋಣಿಯು ಖಾಸಗಿಯವರದಾಗಿದ್ದಲ್ಲಿ ಸುಧಾರಣೆ ಯಾರು ಮಾಡಬೇಕು?
ಉತ್ತರ: ದೋಣಿಯೊಳಗಿನ ವ್ಯವಸ್ಥೆಗೆ ಮಾಲೀಕರು ಹೊಣೆಯಾಗಿರುತ್ತಾರೆ. ಸಾರ್ವಜನಿಕ ಕಡವಿನ ಬಗ್ಗೆ ಸ್ಥಳೀಯ ಸಂಸ್ಥೆ ಅಥವಾ ಸಂಬಂಧಪಟ್ಟ ಇಲಾಖೆಗೆ ಮನವಿ ಸಲ್ಲಿಸಬೇಕು.

13. ಸಾರ್ವಜನಿಕರಲ್ಲಿ ಕೋರಿಕೆ

ಪ್ರತಿ ಮಳೆಗಾಲದ ನಂತರ ತಮ್ಮ ಕಡವಿನ ಮೆಟ್ಟಿಲು, ಕೈಪಿಡಿಕಂಬಿ, ಗೂಟ ಮತ್ತು ದೀಪಗಳ ಸ್ಥಿತಿಯನ್ನು ಒಮ್ಮೆ ಪರಿಶೀಲಿಸಿ, ಲೋಪವಿದ್ದಲ್ಲಿ ಗ್ರಾಮ ಪಂಚಾಯಿತಿಯ ಗಮನಕ್ಕೆ ತರುವಂತೆ ಸಾರ್ವಜನಿಕರನ್ನು ಕೋರಲಾಗಿದೆ. ಪರಿಶೀಲನೆಯ ಸಂದರ್ಭದಲ್ಲಿ ಗ್ರಾಮದ ಹಿರಿಯರೊಬ್ಬರನ್ನು ಕಡವಿಗೆ ಕರೆತಂದು, ಇಳಿತದ ವೇಳೆ ಅವರು ಪರರ ನೆರವಿಲ್ಲದೆ ದೋಣಿ ಹತ್ತಿ ಕುಳಿತುಕೊಳ್ಳಲು ಸಾಧ್ಯವೇ ಎಂಬುದನ್ನು ಅವರಿಂದಲೇ ತಿಳಿದುಕೊಳ್ಳತಕ್ಕದ್ದು. ಅವರಿಗೆ ಸಾಧ್ಯವಿಲ್ಲವೆಂದಾದಲ್ಲಿ, ಯಾವ ಹೆಜ್ಜೆಯಲ್ಲಿ ತೊಡಕಾಯಿತು ಎಂಬುದನ್ನೇ ಮನವಿಯ ಮೊದಲ ಸಾಲಿನಲ್ಲಿ ನಮೂದಿಸಬಹುದಾಗಿದೆ.